ಕಾಲುವೆಯ ಮೇಲೆ ಎಡ ಯಾವುದು?

ಬೋರ್ಡು ಬರೆಸುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ. ತಗಡು ಕತ್ತರಿಸು, ಬಣ್ಣ ಬಳಿಸು, ನಾಲ್ಕು ಅಕ್ಷರ ಬರೆಸು, ಕಂಬಕ್ಕೆ ಬಡಿ, ಮನೆಗೆ ಹೋಗಿ ಊಟ ಮಾಡು. ಅಣೆಕಟ್ಟಿನ ನೀರನ್ನು ಗದ್ದೆಗೆ ಮುಟ್ಟಿಸುವ ಕೆಲಸದಲ್ಲಿ ಓವರ್‌ಸಿಯರ್ ಆಗಿದ್ದವನು ನಾನು. ದಂಡೆ ಒಡೆದದ್ದು, ತೂಬು ಕಟ್ಟಿಕೊಂಡದ್ದು, ಮೇಲಿನವರು ನೀರು ಕದ್ದರೆಂದು ಕೆಳಗಿನವರು ಸಲಿಕೆ ಎತ್ತಿದ್ದು, ಎಲ್ಲವನ್ನೂ ಅರಗಿಸಿಕೊಂಡಿದ್ದೆ. ಅಂಥ ನನಗೆ ಎರಡೇ ಶಬ್ದದ ಬೋರ್ಡೊಂದು ಇಡೀ ಹಂಗಾಮು ನೀರು ಕುಡಿಸಿತು. "ಬೋರ್ಡ್ ಬರ್ಸಾಕ ಇಷ್ಟು ದಿನ ಬೇಕೇನ್ರಿ? ಇಷ್ಟೊತ್ತಿಗೆ ನಾನ ಸಗಣಿ ಸಾರ್ಸಿ ರಂಗೋಲಿಲೆ ಬರ್ದು ಬಿಡ್ತಿದ್ದೆ" ಎಂದು ಮನೆಯಾಕೆ ನಕ್ಕಿದ್ದಳು. ನಗಲಿ ಬಿಡಿ, ಅವಳೇನು ಕಾಲುವೆ ಮೇಲೆ ಸೈಕಲ್ ಹೊಡೆದವಳೇ?

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹೊಸಪೇಟೆಯಿಂದ ಕಂಪ್ಲಿಯ ಕಡೆಗಿನ ಬಯಲಿನಲ್ಲಿ ನನ್ನ ಸೆಕ್ಷನ್. ದೊಡ್ಡ ಕಾಲುವೆಯಿಂದ ಒಡೆದುಬಂದ ಉಪಕಾಲುವೆಯೊಂದು ಅಲ್ಲಿ ಗದ್ದೆಗಳ ನಡುವೆ ಹರಿಯುತ್ತಿತ್ತು. ಅದರ ಎಡದಂಡೆಯ ಮೇಲೆ ನಮ್ಮ ಜೀಪು ಓಡಾಡುವ ದಾರಿ. ಅದಕ್ಕೆ ಗೇಟು, ಗೇಟಿಗೆ ಬೀಗ. ಬಲದಂಡೆಯ ಮೇಲೆ ಯಾರೂ ಮಾಡದ, ಜನರ ಕಾಲೇ ಮಾಡಿದ ದಾರಿ. ಹಳ್ಳಿಗಳು, ಆಂಧ್ರದಿಂದ ಬಂದ ರೈತರು ಗುಡಿಸಲು ಹಾಕಿಕೊಂಡು ನೆಲೆನಿಂತ ಕ್ಯಾಂಪುಗಳು, ಎಲ್ಲ ಆ ಕಡೆಗೇ ಇದ್ದದ್ದರಿಂದ ಸೀಮೆಯ ಮಂದಿಯೆಲ್ಲ ಬಲದಂಡೆಯ ಮೇಲೇ ಓಡಾಡುತ್ತಿದ್ದರು. ದಾರಿಯ ಒಂದು ಬದಿಗೆ ಎದೆಮಟ್ಟ ರಭಸದ ನೀರು, ಇನ್ನೊಂದು ಬದಿಗೆ ಭತ್ತದ ಗದ್ದೆ, ನಡುವೆ ಎತ್ತಿನ ಬಂಡಿಗೂ ಸಾಲದಷ್ಟು ಅಗಲದ ಏರಿ.

ಆ ದಾರಿಯ ಬೆಳಗು ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ. ಎರಡೂ ಕಡೆ ಹಾಲಿನ ಕ್ಯಾನು ತೂಗುಹಾಕಿಕೊಂಡು ಹೊರಟ ಸೈಕಲ್ಲುಗಳು, ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ತೂಕಡಿಸುತ್ತ ಬರುವವರು, ಬುತ್ತಿ ಗಂಟು ಹೊತ್ತ ಹೆಂಗಸರು, ಮೆಟ್ಟಿಲ ಮೇಲೆ ಬಟ್ಟೆ ಬಡಿಯುವ ಸದ್ದು, ಗದ್ದೆಯಿಂದ ಏಳುವ ಹಸಿ ವಾಸನೆ. ನಾಟಿಯ ದಿನಗಳಲ್ಲಿ ತೆಲುಗು ಹಾಡು, ಕನ್ನಡದ ಬೈಗುಳ ಎರಡೂ ಒಟ್ಟಿಗೆ ಕಿವಿಗೆ ಬೀಳುತ್ತಿದ್ದವು. ಎಷ್ಟು ಚೆಂದದ ದಿನಗಳು! ಕಾಲುವೆ ಬಂದ ಮೇಲೆ ಎರಡು ಬೆಳೆ ಬಂತು, ಎರಡು ಬೆಳೆ ಬಂದ ಮೇಲೆ ಮನೆಗೊಂದು ಸೈಕಲ್ ಬಂತು. ನಡೆಯುವವರದ್ದೇ ಆಗಿದ್ದ ದಾರಿಗೆ ಗಾಲಿಗಳು ಬಂದವು, ಗೊಂದಲ ಶುರುವಾದದ್ದು ಅಲ್ಲಿಂದ.

ಆ ದಾರಿಯ ಮೇಲೆ ಇಬ್ಬರು ಹೆಂಗಸರು ದಿನಾ ಕಾಣುತ್ತಿದ್ದರು. ಒಬ್ಬಳು ಹೊಸಪೇಟೆಯ ಖಾನಾವಳಿಗಳಿಗೆ ಬಾಳೆ ಎಲೆ ಹೊತ್ತು ಹಾಕುತ್ತಿದ್ದ ಮುದುಕಿ. ಎಲ್ಲರಿಗೂ ಅವಳು ಎಲೆಯವ್ವ. ತಲೆಯ ಮೇಲಿನ ಎಲೆಯ ಹೊರೆ ಎರಡೂ ಕಡೆ ಮೊಳದುದ್ದ ಚಾಚಿಕೊಂಡಿರುತ್ತಿತ್ತು. ಇನ್ನೊಬ್ಬಳು ಪಕ್ಕದೂರಿನ ಆರೋಗ್ಯ ಕೇಂದ್ರದ ನರ್ಸಮ್ಮ. ಬಿಳಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕ್ಯಾರಿಯರಿಗೆ ಹೆರಿಗೆಯ ಪೆಟ್ಟಿಗೆ ಕಟ್ಟಿಕೊಂಡು ಸೈಕಲ್ ಹೊಡೆಯುವವಳು. ಆಗಿನ ಕಾಲಕ್ಕೆ ಹೆಂಗಸು ಸೈಕಲ್ ಹೊಡೆಯುವುದೆಂದರೆ ಮಂದಿ ಕೆಲಸ ಬಿಟ್ಟು ನಿಂತು ನೋಡುತ್ತಿದ್ದರು. ಆಕೆ ಯಾರಿಗೂ ಸೊಪ್ಪು ಹಾಕಿದವಳಲ್ಲ.

ಮಳೆಗಾಲದ ಒಂದು ಬೆಳಿಗ್ಗೆ ನರ್ಸಮ್ಮ ಎಲೆಯವ್ವನ ಹಿಂದಿನಿಂದ ಬಂದು ಗಂಟೆ ಬಾರಿಸಿದಳು. ಎಲೆಯವ್ವ ಯಾರೆಂದು ತಿರುಗಿದಳು. ಹೊರೆಯ ತುದಿ ಸೈಕಲ್ ಹ್ಯಾಂಡಲ್ಲಿಗೆ ಬಡಿಯಿತು. ಮುದುಕಿ ಜೋಲಿ ತಪ್ಪಿ ನೀರಿಗೆ ಬಿದ್ದಳು. ನರ್ಸಮ್ಮ ಸೈಕಲ್ ಅಲ್ಲೇ ಬಿಸಾಕಿ ಸೀರೆ ಸಮೇತ ಹಾರಿ, ಅವಳ ಜುಟ್ಟು ಹಿಡಿದು, ಕೆಳಗಿನ ಬಟ್ಟೆ ಒಗೆಯುವ ಮೆಟ್ಟಿಲಿಗೆ ಎಳೆದು ತಂದಳು. ಎಲೆಗಳೆಲ್ಲ ಕಂಪ್ಲಿಯ ದಾರಿ ಹಿಡಿದು ತೇಲಿ ಹೋದವು. ನಾನು ಸುದ್ದಿ ಕೇಳಿ ಓಡುವಷ್ಟರಲ್ಲಿ ಇಬ್ಬರೂ ಮೆಟ್ಟಿಲ ಮೇಲೆ ನೀರು ಸುರಿಸುತ್ತ ಕೂತು ಬಾಯಿಗೆ ಬಂದಂತೆ ಬೈದಾಡುತ್ತಿದ್ದರು.

"ಗಂಟಿ ಬಾರ್ಸಿದ್ನೆಲ್ಲವಾ, ಸರೀಬೇಕೋ ಬ್ಯಾಡೋ?"

"ಗಂಟಿ ಬಾರ್ಸಿದ್ಕ ಬಿದ್ದೆ ನಾನು! ಸುಮ್ನ ಹೋಗಿದ್ರ ನನ್ನ ಎಲಿ ಉಳೀತಿದ್ವು!"

ಜೀವ ಉಳಿದದ್ದಕ್ಕಿಂತ ಎಲೆ ಹೋದದ್ದೇ ಅವಳಿಗೆ ದೊಡ್ಡದು. ನಾನು ನಕ್ಕುಬಿಟ್ಟೆ. ನಕ್ಕದ್ದಕ್ಕೆ ಇಬ್ಬರೂ ಸೇರಿ ನನ್ನನ್ನು ಬೈದರು.

ಆದರೆ ವಿಷಯ ನಗುವಿಗೆ ನಿಲ್ಲಲಿಲ್ಲ. ಸುದ್ದಿ ನಮ್ಮ ದೊಡ್ಡ ಸಾಹೇಬರ ಕಿವಿಗೆ ಬಿತ್ತು. ಅವರು ಮೈಸೂರಿನ ಕಡೆಯವರು, ಕೆಟ್ಟವರಲ್ಲ, ಆದರೆ ಹೆದರಿಕೆಯ ಮನುಷ್ಯ. ನನ್ನನ್ನು ಕರೆಸಿ ಹೇಳಿದರು: "ನೋಡಿ, ನಾಳೆ ಯಾರಾದ್ರೂ ಸತ್ತೋದ್ರೆ ಯಾರ್ರೀ ಉತ್ತರ ಕೊಡೋದು? ಆ ದಾರೀಲಿ ಸೈಕಲ್ ನಿಲ್ಸಿಬಿಡಿ. ಎರಡೂ ತುದೀಲಿ ಕಲ್ಲಿನ ಕಂಬ ನೆಡ್ಸಿ, ಮನುಷ್ಯ ಮಾತ್ರ ನುಸುಳೋ ಹಾಗೆ."

"ಸರ್, ಈಗ ನೀರು ಹರೀತಾ ಇದೆ. ದಂಡೆ ಅಗೆಯೋ ಹಾಗಿಲ್ಲ" ಎಂದೆ. ಅದು ನಿಜವೇ. ನೀರು ತುಂಬಿದ ಕಾಲುವೆಯ ಏರಿಯಲ್ಲಿ ಗುಂಡಿ ತೆಗೆದರೆ ನೀರು ಜಿನುಗಿ ದಂಡೆಯೇ ಕುಸಿದೀತು. ಕಲ್ಲುಕೆಲಸವೆಲ್ಲ ಬೇಸಿಗೆಯಲ್ಲಿ ನೀರು ನಿಲ್ಲಿಸಿದ ಮೇಲೇ.

"ಸರಿ ಹಾಗಾದ್ರೆ, ನೀರು ನಿಂತ ಮೇಲೆ ನೆಡ್ಸಿ. ಅಲ್ಲೀವರೆಗೂ ಬೋರ್ಡ್ ಹಾಕ್ಸಿ. 'ಎಡಕ್ಕೆ ಚಲಿಸಿ' ಅಂತ."

ಕಂಬಗಳು ಮುಂದಿನ ವಾರವೇ ಬಂದು ಏರಿಯ ಬುಡದಲ್ಲಿ ಬಿದ್ದವು, ಒಂದೊಂದೂ ಆಳೆತ್ತರದ ಕರಿಕಲ್ಲು. ಅವನ್ನು ನೋಡಿದ ಸಂಜೆಯೇ ನರ್ಸಮ್ಮ ನನ್ನ ಸೆಕ್ಷನ್ ಆಫೀಸಿನ ಮುಂದೆ ಸೈಕಲ್ ನಿಲ್ಲಿಸಿದಳು.

"ಕಂಬ ನೆಟ್ರ ನಾನು ಸೈಕಲ್ ತಲಿ ಮ್ಯಾಲ ಹೊತ್ಕೊಂಡು ಹೋಗ್ಲೇನ್ರಿ ಸಾಹೇಬ್ರ? ಡಾಂಬರ್ ರಸ್ತಿ ಸುತ್ತು ಹಾಕಿ ಕೊನೀ ಕ್ಯಾಂಪ್ ಮುಟ್ಟೋದ್ರಾಗ ಕೂಸು ಹುಟ್ಟಿ ಅಂಬೆಗಾಲು ಇಡ್ತಿರತೈತಿ."

ಕೂತುಕೊಳ್ಳಿ ಎಂದೆ. ಕೂರಲಿಲ್ಲ. ದನಿ ತಗ್ಗಿಸಿ ಅಂದಳು: "ಈ ಸೈಕಲ್ ಬರೂಕ್ಕಿಂತ ಮೊದ್ಲು ಆ ಕ್ಯಾಂಪಿನ್ಯಾಗ ಒಬ್ಬಾಕಿ ನನ್ನ ದಾರಿ ನೋಡಿಕೋತನ ಹೋದ್ಳ್ರಿ. ಕೂಸೂ ಉಳೀಲಿಲ್ಲ. ನಾನು ಏರಿ ಮ್ಯಾಲ ಓಡಿಕೋತ ಬರ್ತಿದ್ದೆ. ಇನ್ನೊಮ್ಮಿ ಹಂಗ ಆಗಬಾರದು, ಅಷ್ಟ."

ಬೇಸಿಗೆಯೊಳಗೆ ಆ ದಾರಿಯ ಮೇಲೆ ನಡೆಯುವವರೂ ಗಾಲಿಯವರೂ ಒಬ್ಬರಿಗೊಬ್ಬರು ತಾಗದೆ ಓಡಾಡುವುದನ್ನು ಸಾಹೇಬರಿಗೆ ತೋರಿಸಬೇಕು, ಇಲ್ಲವಾದರೆ ಕಂಬಗಳು ಎದ್ದು ನಿಲ್ಲುತ್ತವೆ. ಆಗ ಕೊನೆಯ ಕ್ಯಾಂಪಿನ ಬಸುರಿಯರಿಗೆ ದೇವರೇ ಗತಿ. ನನ್ನ ಕೆಲಸ ಇಷ್ಟು ಎಂದು ಆವತ್ತು ಮನಸ್ಸಿಗೆ ಕಟ್ಟಿಕೊಂಡೆ.

ಬೋರ್ಡು ಬರೆಯಲು ಹೊಸಪೇಟೆಯ ಒಬ್ಬ ಪೇಂಟರನ್ನು ಹಿಡಿದೆ. ಟಾಕೀಸುಗಳಿಗೆ ಸಿನಿಮಾ ಬ್ಯಾನರ್ ಬರೆಯುತ್ತಿದ್ದವನು, ಬೀಡಿ ಕಚ್ಚಿಕೊಂಡೇ ಬರೆಯುವ ಕಸುಬುದಾರ. 'ಎಡಕ್ಕೆ ಚಲಿಸಿ' ಎಂಬ ಎರಡು ಶಬ್ದಕ್ಕೆ ಹಳದಿ ಅಕ್ಷರ, ಕೆಂಪು ನೆರಳು, ಸುತ್ತ ಮಿಂಚು ಬರೆದು ತಂದ. ನೂರನೇ ದಿನದ ಬೋರ್ಡಿನ ಹಾಗಿತ್ತು. ದಂಡೆ ಅಗೆಯದೆ, ಏರಿಯ ಬುಡದಲ್ಲಿ ಗೂಟ ನೆಟ್ಟು ನಾಲ್ಕು ಕಡೆ ಹಾಕಿಸಿದೆವು. ಓದು ಬಾರದವರಿಗೆ ಓದು ಬಂದವರು ಹೇಳಿದರು. ಇನ್ನೇನು, ಎಲ್ಲ ಸುಸೂತ್ರ ಎಂದು ಎಲೆ ಅಡಿಕೆ ಹಾಕಿಕೊಂಡು ಕೂತೆ.

ಅದಾದ ಮೇಲೆ ಡಿಕ್ಕಿಗಳು ಹೆಚ್ಚಾದವು! ಹಾಲಿನ ಕ್ಯಾನು ಉರುಳಿತು, ಒಬ್ಬನ ಮೊಣಕೈ ಚರ್ಮ ಕಿತ್ತು ಬಂತು, ಇನ್ನೊಬ್ಬನ ಮುಂದಿನ ಗಾಲಿ ಹಪ್ಪಳದಂತೆ ತಿರುಚಿಕೊಂಡಿತು. ಅದಕ್ಕಿಂತ ದಿಗಿಲಿನ ಮಾತೆಂದರೆ, ಮೊದಲು ದಾರಿಯ ನಡುವೆ ಹೋಗುತ್ತಿದ್ದ ಮಂದಿ ಈಗ ನೀರಿನ ಅಂಚಿಗೇ ಅಂಟಿಕೊಂಡು ಹೋಗುತ್ತಿದ್ದರು. ಹೋಗುವವರೂ ಅದೇ ಅಂಚು, ಬರುವವರೂ ಅದೇ ಅಂಚು. ನನಗೆ ತಲೆಬುಡ ತಿಳಿಯಲಿಲ್ಲ. ಈ ಮಂದಿಗೆ ಎಡಗೈ ಬಲಗೈ ಗೊತ್ತಿಲ್ಲವೇ ಎಂದು ಸಿಟ್ಟೂ ಬಂತು.

ಗುಟ್ಟು ಒಡೆದದ್ದು ಒಂದು ಜಗಳದಲ್ಲಿ. ಜಾಲಿ ಕಂಟಿ ಬೆಳೆದ ತಿರುವಿನಲ್ಲಿ ಹಾಲಿನವನೊಬ್ಬ, ಕಾರ್ಖಾನೆಯವನೊಬ್ಬ ಎದುರಾಬದುರು ಗುದ್ದಿಕೊಂಡು ಬಿದ್ದಿದ್ದರು. ನಾನು ಹೋದಾಗ ಒಬ್ಬರ ಅಂಗಿ ಒಬ್ಬರು ಹಿಡಿದಿದ್ದರು.

"ಬೋರ್ಡ್ ನೋಡ್ಲೇ! ನಾನು ಎಡಕ್ಕ ಇದ್ದೆ!"

"ನಾನೂ ಎಡಕ್ಕ ಇದ್ನೆಲ್ಲಲೇ!"

ಇಬ್ಬರೂ ಕೈ ಮಾಡಿ ತೋರಿಸಿದ್ದು ನೀರಿನ ಬದಿಯನ್ನೇ. ಒಬ್ಬ ಹೊಸಪೇಟೆ ಕಡೆಯಿಂದ ಬಂದವನು, ಇನ್ನೊಬ್ಬ ಕಂಪ್ಲಿ ಕಡೆಯಿಂದ. ಇಬ್ಬರ ಎಡವೂ ಒಂದೇ ಬದಿಗೆ ಹೇಗಾದೀತು? ಕಂಪ್ಲಿ ಕಡೆಯಿಂದ ಬಂದಿದ್ದ ಹಾಲಿನವನಿಗೆ, "ನೀನು ಬಂದ ದಿಕ್ಕಿಗೇ ನಿಂತು ಎಡಗೈ ಎತ್ತೋ" ಎಂದೆ. ಎತ್ತಿದ. ಕೈ ಸರಿಯಾಗಿ ಗದ್ದೆಯ ಕಡೆಗೆ ಚಾಚಿತು.

"ಮತ್ತೆ? ನಿನ್ನ ಎಡ ಆ ಕಡೆ ಇದ್ದರೆ ಈ ಕಡೆ ಯಾಕೆ ಬಂದೆ?"

ಅವನು ನನ್ನನ್ನೇ ಮಳ್ಳನನ್ನು ನೋಡಿದಂತೆ ನೋಡಿದ. "ಇದು ನನ್ನ ಎಡಗೈ ರೀ ಸಾಹೇಬ್ರ. ನೀವು ಬೋರ್ಡ್ ಹಾಕಿದ್ದು ಕಾಲ್ವಿ ಮ್ಯಾಲ. ಕಾಲ್ವಿ ಎಡ ಅಂದ್ರ ಎಡತೂಬಿನ ಕಡೆ ಅಲ್ಲೇನ್ರಿ? ರಸ್ತಿ ಎಡ ಬ್ಯಾರೆ, ಕಾಲ್ವಿ ಎಡ ಬ್ಯಾರೆ."

ಅಯ್ಯೋ ಶಿವನೇ! ನನಗೆ ನಗು ತಡೆಯಲಾಗಲಿಲ್ಲ. ಕಾಲುವೆಯ ನಾಡಿನಲ್ಲಿ ಎಡ ಬಲ ಮನುಷ್ಯನದ್ದಲ್ಲ, ನೀರಿನದ್ದು. ನೀರು ಹೋಗುವ ದಿಕ್ಕಿಗೆ ಮುಖ ಮಾಡಿ ನಿಂತರೆ ಎಡಗಡೆಗೆ ಬರುವುದು ಎಡದಂಡೆ, ಬಲಗಡೆಗೆ ಬರುವುದು ಬಲದಂಡೆ. ನೀವು ತಿರುಗಿ ನಿಂತರೂ, ಮಲಗಿದರೂ, ಎಡತೂಬು ಎಡತೂಬೇ. ನಾನು ದಿನವೂ ಹೇಳುತ್ತಿದ್ದದ್ದು, ಬರೆಯುತ್ತಿದ್ದದ್ದು ಹಾಗೆಯೇ. ನಮ್ಮ ದಾರಿ ಇದ್ದದ್ದು ಬಲದಂಡೆಯ ಮೇಲೆ. ಅಲ್ಲಿಂದ ಎಡವೆಂದರೆ ನೀರಿನ ಅಂಚೇ. ಊರಿನ ರಸ್ತೆಯ ಮೇಲೆ ಸರಿಯಾಗಿ ಎಡಕ್ಕೆ ಹೋಗುವ ಮಂದಿಯೇ ಏರಿ ಹತ್ತಿದ ಕೂಡಲೇ ನೀರಿನ ಎಡಕ್ಕೆ ಸರಿಯುತ್ತಿದ್ದರು. ನೀರಿಗೆ ಬೀಳಬೇಡಿ ಎಂದು ಹಾಕಿಸಿದ ಬೋರ್ಡು ಊರನ್ನೇ ನೀರಿನ ಬಾಯಿಗೆ ತಳ್ಳುತ್ತಿತ್ತು.

ಅವತ್ತೇ ನಾಲ್ಕೂ ಬೋರ್ಡು ಕೀಳಿಸಿದೆ. ಪೇಂಟರು ಮಾತ್ರ ಬಹಳ ನೊಂದುಕೊಂಡ. "ಮಿಂಚು ಭಾಳ ಚಲೋ ಬಂದಿತ್ತಲ್ರಿ ಸಾಹೇಬ್ರ" ಎಂದ.

ಆಮೇಲೆ ಒಂದಷ್ಟು ಬೆಳಗು ನಾನು ತೂಬಿನ ಕಟ್ಟೆಯ ಮೇಲೆ ಸುಮ್ಮನೆ ಕೂತು ನೋಡಿದೆ. ಎದುರಿನಿಂದ ಬರುವವರು ತೊಂದರೆಯಲ್ಲ. ಒಬ್ಬರನ್ನೊಬ್ಬರು ನೋಡುತ್ತಾರೆ, ಹೊರೆ ಇಲ್ಲದವರು ನಿಂತು ಹೊರೆ ಇದ್ದವರಿಗೆ ದಾರಿ ಬಿಡುತ್ತಾರೆ. ಇದು ಹಳ್ಳಿಗಳಲ್ಲಿ ಯಾರೂ ಕಲಿಸದೆ ಬಂದ ಮರ್ಯಾದೆ. ತೊಡಕಾಗುತ್ತಿದ್ದದ್ದು ಹಿಂದಿನಿಂದ ಬರುವ ಸೈಕಲ್ಲಿನಿಂದ. ಗಂಟೆ ಕೇಳಿದ ಕೂಡಲೇ ಮುಂದಿನವರು ತಿರುಗುತ್ತಿದ್ದರು. ಯಾಕೆ ತಿರುಗಬೇಕು, ಸುಮ್ಮನೆ ಸರಿದರೆ ಆಗದೇ? ಎಲೆಯವ್ವನನ್ನೇ ಕೇಳಿದೆ.

"ಕೇಳೋದ್ಯಾಕಪ್ಪಾ, ಹೊತ್ತು ನೋಡು" ಎಂದಳು. ಎಂದವಳೇ ನನ್ನ ತಲೆಯ ಮೇಲೆ ಸಿಂಬಿ ಇಟ್ಟು ಎಲೆಯ ಹೊರೆ ಹೇರಿಯೇಬಿಟ್ಟಳು. ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ಕಿಸಕ್ಕೆಂದರು. ಪ್ಯಾಂಟು ಹಾಕಿದ ಓವರ್‌ಸಿಯರು ಎಲೆ ಹೊತ್ತು ಹೊರಟ. ನರ್ಸಮ್ಮ ಹಿಂದಿನಿಂದ ಬಂದು ಬೇಕೆಂದೇ ಜೋರಾಗಿ ಗಂಟೆ ಬಾರಿಸಿದಳು.

ಆಗ ತಿಳಿಯಿತು. ತಲೆಯ ಮೇಲೆ ಭಾರವಿದ್ದಾಗ ಕತ್ತು ತಿರುಗುವುದಿಲ್ಲ. ಇಡೀ ಮೈಯೇ ತಿರುಗಬೇಕು. ಮೈ ತಿರುಗಿದರೆ ಹೊರೆ ಬಾಗಿಲಿನಂತೆ ದಾರಿಗೆ ಅಡ್ಡ ಬರುತ್ತದೆ, ಕಾಲು ತಾನಾಗಿ ಒಂದು ಹೆಜ್ಜೆ ಯಾವ ಕಡೆಗೋ ಬೀಳುತ್ತದೆ. ಗಂಟೆ ನಾನು ಬಂದೆ ಎಂದಷ್ಟೇ ಹೇಳುತ್ತದೆ. ಯಾವ ಕಡೆ ಸರಿಯಬೇಕೆಂದು ಅದಕ್ಕೆ ಹೇಳಲು ಬಾರದು. ನಾನು ನೀರಿನ ಕಡೆಗೇ ಹೆಜ್ಜೆ ಇಟ್ಟೆ. ಎಲೆಯವ್ವ ಅಂಗಿಯ ಹಿಂಭಾಗ ಹಿಡಿದು ಎಳೆಯದಿದ್ದರೆ ನನ್ನ ಕಥೆಯೂ ಕಂಪ್ಲಿ ಕಡೆಗೆ ತೇಲುತ್ತಿತ್ತು.

ಹೊರೆ ಇಳಿಸಿ ಮೂವರೂ ಮೆಟ್ಟಿಲ ಮೇಲೆ ಕೂತೆವು. ನನ್ನ ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಎಡವೂ ಬೇಡ, ಬಲವೂ ಬೇಡ. ನೀರಿನ ಬದಿ, ಗದ್ದೆಯ ಬದಿ. ಹೋಗಲಿ ಬರಲಿ, ನಡೆಯುವವರು ಗದ್ದೆಯ ಬದಿಗೆ, ಗಾಲಿಯವರು ನೀರಿನ ಬದಿಗೆ. ಬೆಚ್ಚಿ ಹೆಜ್ಜೆ ತಪ್ಪಿದರೂ ನಡೆಯುವವರು ಬೀಳುವುದು ಕೆಸರಿಗೆ. ಇಷ್ಟನ್ನೂ ಅವರಿಬ್ಬರಿಗೆ ಹೇಳಿದೆ.

"ಅಂದ್ರ ನಾವು ನೀರಿಗೆ ಬಿದ್ರ ನಡೀತೈತೇನ್ರಿ?" ಎಂದಳು ನರ್ಸಮ್ಮ.

"ಸೈಕಲ್ಲಿನವರು ಮುಂದೆ ನೋಡ್ತಾ ಹೋಗ್ತೀರಿ. ಹೊರೆ ಹೊತ್ತವರಿಗೆ ಹಿಂದೆ ಕಣ್ಣಿಲ್ಲವಲ್ಲ?"

"ಆತ್ ಬಿಡ್ರಿ. ನಾನು ಹೊಳಿ ದಂಡಿ ಊರಾಕಿ, ಈಜು ಬರತೈತಿ. ಆದ್ರ ಎಲ್ಲಾರಿಗೂ ಬರಂಗಿಲ್ಲ. ಅಂಚಿಗೆ ಕಲ್ಲು ಇಡಸ್ರಿ, ಗಾಲಿ ಜಾರಬಾರದು."

ಅದು ಸರಿ. ಆದರೆ ಗಂಟೆಯ ಬದಲು ಏನು? ಸೈಕಲ್ಲಿನವರು ಬಾಯಿಬಿಟ್ಟು ಕೂಗಲಿ, "ಅವ್ವಾ, ಗದ್ದೆ ಕಡೆ ಸರಿ" ಎನ್ನಲಿ ಎಂದೆ. ಎಲೆಯವ್ವ ಎದ್ದೇ ನಿಂತಳು.

"ಬಿಡ್ತು ಅನ್ನು! ಸಂತಿಗೆ ಹೊಂಟೋರ್ನ ಹಿಂದಿಂದ ಕೂಗ್ತಾರೇನು? ಹಿಂದಿಂದ ಕರದ್ರ ಹೋದ ಕೆಲ್ಸ ಕೆಡ್ತೈತಿ. ಅದಕ್ಕಂತನ ಅವ್ರು ಗಂಟಿ ಬಾರ್ಸೋದು."

ಅದೂ ನಿಜವೇ. ಹೊರಟವರನ್ನು ಹಿಂದಿನಿಂದ ಕರೆಯಬಾರದೆಂದು ನಮ್ಮವ್ವನೂ ಹೇಳುತ್ತಿದ್ದಳು. ನಾನು ಮನೆಯಿಂದ ಹೊರಟ ಮೇಲೆ ಏನಾದರೂ ಮರೆತಿದ್ದರೆ ಓಡಿ ಬಂದು, ನನ್ನನ್ನು ದಾಟಿ ಮುಂದೆ ನಿಂತು ಕೊಡುತ್ತಿದ್ದಳು. ಈ ನಂಬಿಕೆಯನ್ನು ಬೋರ್ಡು ಹಾಕಿ ತೆಗೆಸಲು ಬಂದೀತೇ? ನೀರು ಮೆಟ್ಟಿಲಿಗೆ ಬಡಿಯುತ್ತಿತ್ತು.

ನರ್ಸಮ್ಮನೇ ಮೆಲ್ಲಗೆ ಬಾಯಿಬಿಟ್ಟಳು. "ಯಬೇ, ನಿನ್ನ ಕರೆಯಂಗಿಲ್ಲ. ಅವ್ವಾ ಅನ್ನಂಗಿಲ್ಲ, ಯಾರ ಹೆಸ್ರೂ ತಗೊಳ್ಳಂಗಿಲ್ಲ. ಬರೇ 'ಗದ್ದೀ' ಅಂತೀನಿ. ಗದ್ದಿ ಹೆಸ್ರು ಕಿವಿಗೆ ಬಿದ್ರ ಒಳ್ಳೇದ ಅಲ್ಲೇನು?"

ಎಲೆಯವ್ವ ಬಾಯಲ್ಲಿದ್ದ ಹೊಗೆಸೊಪ್ಪನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಸರಿಸಿದಳು. ಬಹಳ ಹೊತ್ತು ಸರಿಸಿದಳು. ನಾನು ಉಸಿರು ಹಿಡಿದುಕೊಂಡು ಕೂತಿದ್ದೆ. ದೊಡ್ಡ ಸಾಹೇಬರ ಮುಂದೆಯೂ ನಾನು ಹಾಗೆ ಕೂತದ್ದಿಲ್ಲ.

"ಗದ್ದಿ ಅಂದ್ರ ಅನ್ನ" ಎಂದಳು ಕೊನೆಗೆ. "ಹೊಂಟಾಗ ಅನ್ನದ ಹೆಸ್ರು ಕೇಳಿದ್ರ ಶುಭಾನ ಬಿಡು. ಅನ್ನ್ರಿ, ಅಡ್ಡಿಲ್ಲ."

ಅಲ್ಲಿಂದ ಕೆಲಸ ಹಿಡಿಯಿತು. ಮೊದಲು ತಿರುವಿನ ಜಾಲಿ ಕಡಿಸಿದೆ, ಆಚೆ ಬರುವವರು ಈಚೆಯವರಿಗೆ ಕಾಣುವಷ್ಟು. ಮಳೆಗೆ ಕೊರೆದುಹೋಗಿದ್ದ ಕಡೆ ಗರಸು ಮಣ್ಣು ತುಂಬಿಸಿ, ದಿಮ್ಮಸು ಹೊಡೆಸಿ ಗಟ್ಟಿ ಮಾಡಿಸಿದೆ. ಹಳೆಯ ರಿಪೇರಿಯಲ್ಲಿ ಮಿಕ್ಕಿದ್ದ ಕಲ್ಲುಗಳನ್ನು ಆರಿಸಿ, ದಂಡೆ ಅಗೆಯದೆ, ನೀರಿನ ಅಂಚಿಗೆ ಗೇಣು ಬಿಟ್ಟು ಸಾಲಾಗಿ ಕೂರಿಸಿ ಸುಣ್ಣ ಹೊಡೆಸಿದೆ. ಮಬ್ಬಿನಲ್ಲಿ ಬರುವವರಿಗೂ ಬೆಳ್ಳಗೆ ಕಾಣಬೇಕಲ್ಲ. ಕಲ್ಲು ತಿರುವಿನತನಕ ಬರುವಷ್ಟರಲ್ಲಿ ಮುಗಿದುಹೋದವು. ಅಪಾಯವಿದ್ದ ಆ ತಿರುವೇ ಬೋಳಾಗಿ ಉಳಿಯಿತು.

ಬೋರ್ಡಿಗೆ ಮತ್ತೆ ಅದೇ ಪೇಂಟರು. ಈ ಸಲ ಅಕ್ಷರವೇ ಬೇಡ ಎಂದೆ. ಅರ್ಧ ನೀಲಿ, ಅದರಲ್ಲಿ ಸೈಕಲ್. ಅರ್ಧ ಹಸಿರು, ಅದರಲ್ಲಿ ಹೊರೆ ಹೊತ್ತ ಹೆಂಗಸು. ಪುಣ್ಯಾತ್ಮ ಎರಡು ತುದಿಯ ಬೋರ್ಡುಗಳನ್ನೂ ಒಂದೇ ತೆರನಾಗಿ ಬರೆದು ತಂದ. ಹೊಸಪೇಟೆ ಕಡೆಯಿಂದ ನೋಡಿದರೆ ಸರಿ, ಕಂಪ್ಲಿ ಕಡೆಯಿಂದ ನೋಡಿದರೆ ಸೈಕಲ್ ಗದ್ದೆಯಲ್ಲಿತ್ತು, ಹೆಂಗಸು ನೀರಿನಲ್ಲಿದ್ದಳು! "ಒಂದು ಸಲ ಮುಳುಗಿದ್ದು ಸಾಕೋ ಮಾರಾಯ" ಎಂದು ತಲೆ ಚಚ್ಚಿಕೊಂಡು, ಕಂಪ್ಲಿ ಕಡೆಯದನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಬರೆಸಿದೆ. ಹೊರೆ ಹೊತ್ತವಳನ್ನು ಅವನು ತನಗೆ ಬರುವ ರೀತಿಯಲ್ಲೇ ಬರೆದಿದ್ದ. ಸಣ್ಣ ನಡು, ತಿದ್ದಿದ ಹುಬ್ಬು, ಓರೆನೋಟ. ಎಲೆಯವ್ವ ಬೋರ್ಡಿನ ಮುಂದೆ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಇದು ನಾನೇನ?"

"ಹೂಂ" ಎಂದೆ.

"ನನ್ನ ಗಂಡ ಇರಬೇಕಿತ್ತಪ್ಪಾ, ನೋಡಾಕ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ರೂಢಿಯಾಗಲು ಹೊತ್ತು ಹಿಡಿಯಿತು. ಕೆಲವರು ಗಂಟೆ ಬಿಡಲೊಲ್ಲರು, ಕೆಲವರಿಗೆ ಕೂಗಲು ನಾಚಿಕೆ. ಆದರೆ ನರ್ಸಮ್ಮ ದಿನಾ ಹೋಗುತ್ತ ಬರುತ್ತ "ಗದ್ದೀ... ಗದ್ದೀ..." ಎಂದು ರಾಗವಾಗಿ ಕೂಗುವಳು, ಎಲೆಯವ್ವ ತಿರುಗಿ ಕೂಡ ನೋಡದೆ ಹೊರೆ ಸಮೇತ ಸರಿಯುವಳು. ನೋಡನೋಡುತ್ತ ಹಾಲಿನವರು ಹಿಡಿದರು, ಕಾರ್ಖಾನೆಯವರು ಹಿಡಿದರು. ಕ್ಯಾಂಪಿನ ತೆಲುಗಿನವರು ಕೂಡ ತಮ್ಮ ಮಾತು ಬಿಟ್ಟು ಗದ್ದೀ ಎಂದೇ ಕೂಗತೊಡಗಿದರು. ಎರಡು ಸೈಕಲ್ ಎದುರಾದರೆ ಹೊರೆ ಕಡಿಮೆ ಇದ್ದವನು ಇಳಿದು ಗದ್ದೆಯ ಬದಿಗೆ ನಿಲ್ಲುವುದೂ ತಾನಾಗಿ ನಡೆಯಿತು. ಸಂಜೆಯ ಹೊತ್ತು ಏರಿಯುದ್ದಕ್ಕೂ ಆ ಕೂಗು ಒಬ್ಬರಿಂದೊಬ್ಬರಿಗೆ ದಾಟುತ್ತ ದೂರವಾಗುವುದನ್ನು ಕೇಳುತ್ತ ನಾನು ತೂಬಿನ ಕಟ್ಟೆಯ ಮೇಲೆ ಕೂರುತ್ತಿದ್ದೆ. ಹಾಗೆ ಕೂತಿದ್ದ ಸಂಜೆಗಳಷ್ಟು ಸುಖ ನನ್ನ ನೌಕರಿಯಲ್ಲಿ ಬೇರೆ ಇಲ್ಲ.

ನೀರು ನಿಲ್ಲಿಸುವ ದಿನ ಹತ್ತಿರ ಬಂತು. ದೊಡ್ಡ ಸಾಹೇಬರು ಕಂಬ ನೆಡುವ ಜಾಗ ಗುರುತಿಸಲು ಬಂದರು. ನಾನು ಬೋರ್ಡು ತೋರಿಸಿದೆ, ಕಲ್ಲಿನ ಸಾಲು ತೋರಿಸಿದೆ. "ಚೆನ್ನಾಗೇನೋ ಇದೆ, ಆದ್ರೆ ಜನ ಕೇಳ್ಬೇಕಲ್ರೀ" ಎಂದರು. ಕಂಬದ ಮಾತು ಬಿಡಲಿಲ್ಲ. ತಿರುವಿನ ತನಕ ನಡೆದೆವು. ಸಾಹೇಬರು ದಾರಿಯ ನಟ್ಟನಡುವೆ, ನಾನು ಅವರ ಹಿಂದೆ. ನಮ್ಮ ಮುಂದೆ ಗದ್ದೆಯ ಬದಿಗೆ ಎಲೆಯವ್ವ ಹೊರೆ ಹೊತ್ತು ಹೋಗುತ್ತಿದ್ದಳು.

ಹಿಂದಿನಿಂದ ಕೂಗು ಬಂತು. ರಾಗವಿಲ್ಲದ, ಏದುಸಿರಿನ ಕೂಗು. "ಗದ್ದೀ! ಗದ್ದೀ!"

ನಾನು ಸರಿದೆ. ಸಾಹೇಬರು "ಏನ್ರೀ ಅದು?" ಎಂದು ನಿಂತು ತಿರುಗಿದರು. ತಿರುಗಿದ ಹೆಜ್ಜೆ ನೀರಿನ ಕಡೆಗೇ ಬಿತ್ತು, ಕಲ್ಲಿಲ್ಲದ ಆ ಬೋಳು ಅಂಚಿಗೆ. ನಾನು ಕೈ ಚಾಚಿ ಅವರ ರಟ್ಟೆ ಹಿಡಿದು ಗದ್ದೆಯ ಕಡೆಗೆ ಎಳೆದೆ. ಎಳೆದ ಬಿರುಸಿಗೆ ಅವರು ಏರಿಯ ಬುಡದ ಹೊಲಗಾಲುವೆಯ ಕೆಸರಿಗೆ ಮೊಣಕಾಲ ತನಕ ಇಳಿದರು. ನರ್ಸಮ್ಮನ ಸೈಕಲ್ ನಮ್ಮನ್ನು ದಾಟಿ ಸರ್ರನೆ ಹೋಯಿತು. ಆಕೆ ಇಳಿಯಲಿಲ್ಲ, ತಿರುಗಿಯೂ ನೋಡಲಿಲ್ಲ. "ಹೆರಿಗಿ ಐತ್ರೀ!" ಎಂದಷ್ಟೇ ಗಾಳಿಯಲ್ಲಿ ಬಂತು. ಮುಂದೆ ಎಲೆಯವ್ವ ಆಗಲೇ ಸರಿದಿದ್ದಳು. ಅವಳ ಎಲೆಯ ತುದಿಯೂ ಅಲುಗಲಿಲ್ಲ.

ನನ್ನ ನೌಕರಿ ಹೋಯಿತೆಂದೇ ಎಣಿಸಿದೆ. ಸಾಹೇಬರನ್ನು ಮೇಲೆತ್ತಿ ತೂಬಿನ ಕಟ್ಟೆಯ ಮೇಲೆ ಕೂರಿಸಿದೆ. ಬೂಟು ಬಿಚ್ಚಿ ಕೆಸರು ಸುರಿದರು. ಎಲೆಯವ್ವ ಹೊರೆ ಇಳಿಸಿ, ಕಾಲುವೆಯಿಂದ ಬೊಗಸೆಯಲ್ಲಿ ನೀರು ತಂದು ಅವರ ಕಾಲಿಗೆ ಸುರಿದಳು. "ಗದ್ದಿ ಅಂದ್ಮ್ಯಾಲ ಸರೀಬೇಕಪ್ಪಾ. ಕೇಳ್ಕೋತ ನಿಂದರಬಾರದು" ಎಂದಳು, ಮೊಮ್ಮಗನಿಗೆ ಹೇಳಿದಂತೆ.

ಸಾಹೇಬರು ಅಲ್ಲೇ ಕೂತರು. ಬಟ್ಟೆ ಒಣಗಲಿ ಎಂದರು. ಆ ಹೊತ್ತಿನಲ್ಲಿ ಎಷ್ಟೋ ಸೈಕಲ್ಲು, ಎಷ್ಟೋ ಹೊರೆ ದಾಟಿ ಹೋದವು. ಪ್ರತಿ ಕೂಗಿಗೂ ಸಾಹೇಬರು ತಲೆಯೆತ್ತಿ ನೋಡುತ್ತಿದ್ದರು. ಬಿಸಿಲು ಏರಿದ ಮೇಲೆ ನರ್ಸಮ್ಮ ವಾಪಸು ಬಂದಳು. ಈಗ ಸೈಕಲ್ ತಳ್ಳಿಕೊಂಡು, ನಿಧಾನಕ್ಕೆ. ಸೀರೆಯ ಅಂಚಿಗೆ ರಕ್ತದ ಕಲೆ, ಮುಖದ ತುಂಬ ನಗು.

"ಹೆಣ್ಣುಕೂಸ್ರೀ. ಕಾಲು ಮುಂದಾಗಿ ಬಂದಿತ್ತು. ಒಂದು ಗಳಿಗಿ ತಡ ಆಗಿದ್ರ..." ಎಂದವಳು ಸಾಹೇಬರ ಪ್ಯಾಂಟಿನ ಕೆಸರು ನೋಡಿ ನಾಲಿಗೆ ಕಚ್ಚಿಕೊಂಡಳು.

ಸಾಹೇಬರು ಎದ್ದು ಬೂಟು ಹಾಕಿಕೊಂಡರು. ಏರಿಯ ಬುಡದಲ್ಲಿ ಬಿದ್ದಿದ್ದ ಕಂಬಗಳ ಕಡೆಗೆ ನೋಡಿದರು, ಆಮೇಲೆ ತಿರುವಿನ ಬೋಳು ಅಂಚನ್ನು ನೋಡಿದರು. "ಅವನ್ನ ನಿಲ್ಲಿಸ್ಬೇಡಿ ಕಣ್ರೀ" ಎಂದರು. "ಅಲ್ಲಿ, ಆ ತಿರುವಿನಲ್ಲಿ, ನೀರಿನ ಬದಿಗೆ ಉದ್ದಕ್ಕೆ ಮಲಗಿಸ್ಬಿಡಿ. ಗಾರೆ ಹಾಕಿ ಭದ್ರ ಮಾಡಿ." ಜೀಪಿನ ಕಡೆಗೆ ಹೊರಟವರು ಸ್ವಲ್ಪ ದೂರ ಹೋಗಿ ನಿಂತರು. ತಾವು ದಾರಿಯ ನಡುವೆ ಇದ್ದದ್ದು ಕಂಡು ಗದ್ದೆಯ ಬದಿಗೆ ಸರಿದು ನಡೆದರು.

ಆಮೇಲೆ ನನಗೆ ಬೇರೆ ಬೇರೆ ಕಡೆ ವರ್ಗವಾಯಿತು. ಎಲೆಯವ್ವ ತೀರಿಕೊಂಡ ಸುದ್ದಿ ಯಾರಿಂದಲೋ ಬಂತು. ನರ್ಸಮ್ಮ ಯಾವ ಊರಿಗೆ ಹೋದಳೋ ತಿಳಿಯಲಿಲ್ಲ. ತೊಂಬತ್ತರ ದಶಕದಲ್ಲಿ, ನೌಕರಿಯಿಂದ ಇಳಿದ ಮೇಲೆ, ಒಂದು ಸಂಜೆ ನೋಡಲೇಬೇಕೆನಿಸಿ ಆ ದಾರಿಗೆ ಹೋದೆ.

ಕಾಲುವೆ ಹರಿಯುತ್ತಿತ್ತು. ತಿರುವಿನಲ್ಲಿ ಕಂಬಗಳು ಮಲಗಿದ್ದವು, ಮಂದಿ ಕೂತು ಕೂತು ನುಣ್ಣಗಾಗಿದ್ದವು. ಬೋರ್ಡುಗಳು ಎಂದೋ ತುಕ್ಕು ಹಿಡಿದು ಹೋಗಿದ್ದವು. ಗದ್ದೆಯೂ ಇರಲಿಲ್ಲ. ಗದ್ದೆಯಿದ್ದ ಕಡೆ ಸೈಟು ಮಾಡಿ ಕಲ್ಲು ನೆಟ್ಟಿದ್ದರು, ಅಲ್ಲಲ್ಲಿ ಮನೆ ಎದ್ದಿದ್ದವು. ಮನಸ್ಸು ಕಹಿಯಾಯಿತು. ಬರಬಾರದಿತ್ತು ಎಂದುಕೊಂಡು ಮನೆಗಳನ್ನು ನೋಡುತ್ತ ದಾರಿಯ ನಡುವೆ ನಡೆಯುತ್ತಿದ್ದೆ.

"ಗದ್ದೀ ತಾತಾ! ಗದ್ದೀ!"

ಕಾಲು ತಾನಾಗಿ ಸರಿಯಿತು. ಶಾಲೆಯ ಬಟ್ಟೆ ತೊಟ್ಟ ಹುಡುಗಿಯೊಬ್ಬಳು ಸೈಕಲ್ ಮೇಲೆ ನೀರಿನ ಬದಿಯಿಂದ ನನ್ನನ್ನು ದಾಟಿದಳು. "ತಂಗೀ, ನಿಂದ್ರವಾ" ಎಂದು ಕೂಗಿದೆ, ಹಿಂದಿನಿಂದ ಕರೆಯಬಾರದೆಂಬುದನ್ನು ಮರೆತು. ಒಂದು ಕಾಲು ನೆಲಕ್ಕೂರಿ ನಿಂತಳು.

"ಗದ್ದಿ ಎಲ್ಲೈತವಾ ಇಲ್ಲಿ?"

ಅವಳು ಸುತ್ತ ನೋಡಿದಳು. ನಾನು ಕೇಳಿದ್ದು ಅವಳಿಗೆ ಅರ್ಥವಾಗಲಿಲ್ಲ. "ಅಷ್ಟೂ ಗೊತ್ತಿಲ್ಲೇನ್ ತಾತಾ? ಗದ್ದಿ ಅಂದ್ರ ಸರೀರಿ ಅಂತ."

ಎಂದವಳೇ ಪೆಡಲ್ ತುಳಿದು ಹೊರಟುಹೋದಳು. ಮುಂದೆ ಯಾರೋ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದರು. ಅವಳು ಕೂಗಿದಳು, ಅವರು ತಿರುಗದೆಯೇ ಸರಿದರು. ನನಗೆ ಕಣ್ಣು ತುಂಬಿ ದಾರಿಯೇ ಮಸುಕಾಯಿತು. ಕಂಬದ ಮೇಲೆ ಸ್ವಲ್ಪ ಹೊತ್ತು ಕೂತು, ಮೂಗು ಒರೆಸಿಕೊಂಡು, ಗದ್ದೆಯ ಬದಿಗೇ ನಡೆಯುತ್ತ ಮನೆಗೆ ಬಂದೆ.